ತಂತಿ ಹರಿದ ಜಾಗ

ಕರೆಂಟು ಹೋಗಿ ಒಂಬತ್ತು ಗಂಟೆ.
ಸಾಂತಿಯಾಗೊದ ಈ ಏರುಬೀದಿಯಲ್ಲಿ
ಫ್ರಿಜ್ಜುಗಳೆಲ್ಲ ಮೌನವ್ರತ ಹಿಡಿದಿವೆ.
ಒಳ್ಳೆಯದೇ ಆಯಿತು, ಅಂದಳು ಓದಾಲಿಸ್,
ಈಗ ಬೇರೆ ಯಾರ ಶ್ರುತಿಯೂ ಇಲ್ಲ,
ನಮ್ಮದೇ.

ಆರು ಜನ, ಒಂದು ಮೇಜು, ಅರ್ಧ ಮೇಣದಬತ್ತಿ.
ಲೋಹ ಅಂತ ಇದ್ದದ್ದು ಒಂದು ಶ್ರುತಿಕಡ್ಡಿ.
ಲಿಯೊವಾನಿಸ್ ಅದನ್ನು ಮಂಡಿಚಿಪ್ಪಿಗೆ ಬಡಿದ,
ಕಿವಿಗಿಟ್ಟ, ಹಲ್ಲಿಗಿಟ್ಟ,
ಸಿಕ್ಕ ಒಂದೇ ಸ್ವರವನ್ನು
ರೊಟ್ಟಿಯ ಹಾಗೆ ಮುರಿದು ಎಲ್ಲರಿಗೂ ಹಂಚಿದ.

ಹಾಡು ಹಳೆಯದು. ಎಷ್ಟು ಹಳೆಯದೆಂದರೆ
ನಮ್ಮ ಅಜ್ಜಿಯರು ಅದಕ್ಕೆ ಕುಣಿದು ಹೆಸರು ಕೆಡಿಸಿಕೊಂಡಿದ್ದಾರೆ,
ತಾಯಂದಿರು ಅದನ್ನು ಗುನುಗುತ್ತ ಅನ್ನ ಸೀಯಿಸಿದ್ದಾರೆ.
ಬಂದರಿನಲ್ಲಿ ದೀಪ ಹಚ್ಚಿಟ್ಟು ಕಾಯುವವಳ ಹಾಡು.
ನಿಜಕ್ಕೂ ಕಾದವರು ಯಾರೂ ಹಾಗೆ ಹಾಡುವುದಿಲ್ಲ,
ಅದು ಬೇರೆ ಮಾತು.

ರೆಕಾರ್ಡಿನಲ್ಲಿ ಹದಿನಾಲ್ಕು ಜನರಿದ್ದರು:
ಪಿಯಾನೊ, ಎರಡು ಟ್ರಂಪೆಟ್, ಗಿಟಾರು, ಬೊಂಗೊ,
ಎಲ್ಲದರ ಕೆಳಗೆ ಮನೆಗೆ ಪಾಯದಂತೆ
ಆಳೆತ್ತರದ ಬಾಸ್.
ಅಷ್ಟೂ ಈಗ ನಮ್ಮ ಆರು ಗಂಟಲುಗಳ ತಲೆಗೆ.

ಪಾಲು ಹಂಚುವಾಗ ಜಗಳ.
ಟ್ರಂಪೆಟ್ ಎಲ್ಲರಿಗೂ ಬೇಕು;
ಅದು ಸಿಕ್ಕಿದ್ದು, ತುಟಿ ಬಿಗಿದು ಪೇಂ ಎನ್ನುವುದನ್ನು
ಸೈನ್ಯದ ಕಾವಲುಗೋಪುರದಲ್ಲಿ ಕಲಿತ ಎರಾಸ್ಮೊಗೆ.
ನನಗೆ ಮರಾಕಸ್.
ಮೂರು ನಿಮಿಷ ನಲವತ್ತು ಸೆಕೆಂಡು ಚಿಕಿ ಚಿಕಿ ಚಿಕಿ.
ಪ್ರೇಮ ಬರಲಿ, ಹಡಗು ಮುಳುಗಲಿ, ಚಿಕಿ.
ಏಳು ವರ್ಷ ಸಂಗೀತಶಾಲೆಗೆ ಮಣ್ಣು ಹೊತ್ತವಳು ನಾನು,
ಈಗ ಒಣಬೀಜ ತುಂಬಿದ ಬುರುಡೆ.

ಬಾಸಿಗೆ ಜಗಳವಿರಲಿಲ್ಲ. ಅದು ರೋದಿಲಿಯೊದು.
ಅವನಪ್ಪ ಬಾಸ್ ನುಡಿಸುತ್ತಿದ್ದವನು,
ಚಂಡಮಾರುತ ಸೂರು ಹಾರಿಸಿಕೊಂಡು ಹೋದ ವರ್ಷ
ಅದನ್ನು ಮಾರಿ ತಗಡು ಕೊಂಡ.
ಈಗ ಮಳೆ ಬಂದರೆ ತಗಡೇ ಬಾರಿಸುತ್ತದೆ,
ತಾಳಗೆಟ್ಟು.
ಮಗ ಗದ್ದವನ್ನು ಎದೆಗೊತ್ತಿ ದುಂ ಎಂದರೆ
ಲೋಟದ ನೀರಿನಲ್ಲಿ ಬಳೆಗಳು ಏಳುತ್ತವೆ.

ಎಲ್ಲ ಕೂಡಿಬಂತು, ಒಂದು ಜಾಗ ಬಿಟ್ಟು.
ಎರಡನೆಯ ಚರಣ ಮುಗಿದು
ಮೂರನೆಯದರ ಹೊಸ್ತಿಲು ದಾಟುವಾಗ
ರೆಕಾರ್ಡಿನಲ್ಲಿ ಬಾಸ್ ಎಡವುತ್ತದೆ.
ಅರ್ಧ ಮಾತ್ರೆ ಖಾಲಿ. ಆಮೇಲೆ ಬರುವ ದುಂ
ಮೊದಲಿನ ದುಂ ಅಲ್ಲ, ಒರಟು, ಸ್ವಲ್ಪ ಒದ್ದೆ.
ತಪ್ಪು ಅದು, ತೆಗೆಯೋಣ, ಅಂದಳು ಓದಾಲಿಸ್.
ತೆಗೆದರೆ, ಅಂದ ಲಿಯೊವಾನಿಸ್,
ಅಲ್ಲಿ ಎತ್ತಿದ ಹಿಮ್ಮಡಿಯನ್ನು ಈ ಊರು
ಎಲ್ಲಿ ಊರಬೇಕು?
ಮಾತಿಗೆ ಮಾತು. ಮೇಣ ಮೇಜಿಗಿಳಿಯಿತು.

ತೂಗುಕುರ್ಚಿಯಲ್ಲಿ ಮಿಗ್ದಾಲಿಯಾ, ಎಂಬತ್ತೊಂಬತ್ತು.
ಮನೆ ಅವಳದು, ನಿದ್ದೆಹೋಗಿದ್ದಾಳೆ ಅಂದುಕೊಂಡಿದ್ದೆವು.
ಆ ರೆಕಾರ್ಡಿನ ಹೊದಿಕೆಯ ಮೇಲಿಲ್ಲದ ಹೆಸರು,
ಮೇಳದ ಮೂವರು ಹುಡುಗಿಯರಲ್ಲಿ ಎಡಗಡೆಯವಳು.

"ತಂತಿ ಹರಿಯಿತು," ಅಂದಳು.
"ದಪ್ಪನೆಯದು. ಬೆಳಗಿನ ಜಾವ ನಾಲ್ಕು.
ಸ್ಟುಡಿಯೊ ಬಾಡಿಗೆ ನಾಲ್ಕೂಕಾಲಿಗೆ ತೀರುತ್ತಿತ್ತು,
ಯಾರು ನಿಲ್ಲಿಸುತ್ತಾರೆ?
ಅವನು ಹಣೆಯ ರಕ್ತ ತೋಳಿಗೊರೆಸಿ
ಮೈಕಿಗೆ ಬಗ್ಗಿ ಬಾಯಲ್ಲೇ ನುಡಿಸಿದ, ಕೊನೆತನಕ.
ಇಷ್ಟು ವರ್ಷ ನೀವು ಕುಣಿದದ್ದು
ಒಬ್ಬನ ಗಂಟಲಿಗೆ."

ಹಾಗಾದರೆ ನಾವು ಬೆವರಿಳಿಸಿ ಅಣಕಿಸುತ್ತಿದ್ದ ಮರ
ಮೂರನೆಯ ಚರಣದಿಂದಾಚೆ
ಮನುಷ್ಯ.

ಮತ್ತೆ ಮೊದಲಿನಿಂದ.
ಎರಡು ಚರಣ ರೋದಿಲಿಯೊ ಅಪ್ಪನ ಬಾಸ್ ಆಗಿದ್ದ:
ಮರ, ಅಂಟು, ತಂತಿ, ಬೆರಳಿನ ಜಡ್ಡು.
ಆ ಜಾಗ ಬಂದಾಗ ಏನೂ ಮಾಡಲಿಲ್ಲ,
ಬಾಸ್ ಆಗುವುದನ್ನು ಬಿಟ್ಟ, ಅಷ್ಟೆ.
ಬಂದದ್ದು ಅವನದೇ ದನಿ,
ನೆಂಟರ ಮನೆಯಲ್ಲಿ ನೀರು ಕೇಳುವಷ್ಟು ಸಣ್ಣದು.
ನಾನು ಒಂದು ಚಿಕಿ ನುಂಗಿದೆ.
ಕುರ್ಚಿಯ ಕೆಳಗೆ ಒಂದು ಹಿಮ್ಮಡಿ ಎದ್ದು
ಗಾಳಿಯಲ್ಲೇ ನಿಂತಿತು.

ಕೊನೆಯ ಸಾಲಿಗೆ ಮುಂಚೆ ಕರೆಂಟು ಬಂತು.
ಫ್ರಿಜ್ಜು ಗುಂಯ್ ಎಂದಿತು,
ನಮಗಿಂತ ಕೂದಲೆಳೆ ಕೆಳಗೆ.
ಮಿಗ್ದಾಲಿಯಾ ಎದ್ದಳು, ಗೋಡೆ ಹಿಡಿದು ನಡೆದಳು,
ಪ್ಲಗ್ ಕಿತ್ತಳು.